ವರ್ಷದ ನಡುವೆ ಬರುವ ಮಕ್ಕಳು: ಬೆಂಗಳೂರಿನ ಅಂಚಿನ ಸರ್ಕಾರಿ ಶಾಲೆಯಲ್ಲಿ ಅವರ ಜಾಗ

ಎಸ್‌ಡಿಎಂಸಿ ಸದಸ್ಯೆ, ಬೇಗೂರು ಕಡೆ

ಎಲ್ಲರಿಗೂ ನಮಸ್ಕಾರ. ನಾನು ಎಸ್‌ಡಿಎಂಸಿಯ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯೆ. ನಮ್ಮದು ಬೇಗೂರಿನಿಂದ ಸ್ವಲ್ಪ ಆಚೆಗಿರುವ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಈ ಸೀಮೆ ಹಳೆಯದು; ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿರುವ, ಸುಮಾರು ಕ್ರಿ.ಶ. 890ರ ಶಾಸನದಲ್ಲಿಯೇ ಬೆಂಗಳೂರಿನ ಕಾಳಗದ ಪ್ರಸ್ತಾಪವಿದೆ. ಆದರೆ 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದ ಮೇಲೆ ಈ ಭಾಗದಲ್ಲಿ ಕಟ್ಟಡ ಕೆಲಸ ನಿಂತ ದಿನವೇ ಇಲ್ಲ. ರಾಗಿ ಹೊಲಗಳಿದ್ದ ಕಡೆ ಹದಿನೈದಿಪ್ಪತ್ತು ಮಹಡಿಯ ಅಪಾರ್ಟ್‌ಮೆಂಟುಗಳು ಎದ್ದಿವೆ, ಅವನ್ನು ಕಟ್ಟುವವರ ತಗಡಿನ ಶೆಡ್ಡುಗಳು ನಮ್ಮ ಶಾಲೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿವೆ.

ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಗುಳೆ ಬರುವ ಕುಟುಂಬಗಳು ಈ ಶೆಡ್ಡುಗಳಿಗೆ ಬಂದು ಸೇರುತ್ತವೆ. ಬಿಹಾರ, ಪಶ್ಚಿಮ ಬಂಗಾಳ, ಒಡಿಶಾದಿಂದ ಬರುವವರು ಕಾಲದ ಲೆಕ್ಕವಿಲ್ಲದೆ ಬರುತ್ತಾರೆ. ಅವರ ಜೊತೆ ಬರುವ ಮಕ್ಕಳ ಕೈಯಲ್ಲಿ ಟಿ.ಸಿ. ಇರುವುದಿಲ್ಲ, ಜನನ ಪ್ರಮಾಣಪತ್ರ ಇರುವುದಿಲ್ಲ, ಆಧಾರ್ ಇದ್ದರೂ ಅದು ಊರಿನಲ್ಲಿ ಅಜ್ಜಿಯ ಪೆಟ್ಟಿಗೆಯಲ್ಲಿರುತ್ತದೆ. ಈ ಸುತ್ತಿನ ಒಂದು ಶಾಲೆಯಲ್ಲಿ ಇಂಥ ಮಕ್ಕಳನ್ನು "ಜೂನ್ ತಿಂಗಳಲ್ಲಿ ಬನ್ನಿ" ಎಂದು ಹೇಳಿ ಕಳುಹಿಸಿದ್ದನ್ನು ನಾನೇ ಕಂಡಿದ್ದೇನೆ. ಜೂನ್ ಬರುವಷ್ಟರಲ್ಲಿ ಆ ಕುಟುಂಬ ಊರಿನಲ್ಲಿರುತ್ತದೆ, ಇಲ್ಲವೇ ಹೊಸಕೋಟೆಯ ಕಡೆ ಇನ್ನೊಂದು ಕಟ್ಟಡದ ಬುಡದಲ್ಲಿರುತ್ತದೆ.

ನಮ್ಮ ಎಸ್‌ಡಿಎಂಸಿ ಸಭೆಯಲ್ಲಿ ಈ ವಿಷಯಕ್ಕೆ ದೊಡ್ಡ ವಾದವಾಯಿತು. ಮಗು ಯಾವ ದಿನ ಬಾಗಿಲಿಗೆ ಬಂದರೂ ಅದೇ ದಿನ ಒಳಗೆ ಕೂರಿಸಬೇಕು, ಕಾಗದಪತ್ರದ ಮಾತು ಆಮೇಲೆ ಎಂಬುದು ನನ್ನ ಅಭಿಪ್ರಾಯ. ಆದರೆ ಹಾಗೆ ಮಾಡಿದರೆ ಮುಖ್ಯ ಶಿಕ್ಷಕರಿಗೆ ತೊಂದರೆಯಾಗುತ್ತದೆ, ತರಗತಿ ನಡೆಯುವುದಿಲ್ಲ ಎಂದು ಹೇಳುವವರೂ ಇದ್ದಾರೆ. ಕಾನೂನು ಏನು ಹೇಳುತ್ತದೆ, ನಡೆಸಿಕೊಂಡು ಹೋಗುವ ದಾರಿ ಯಾವುದು ಎಂಬುದನ್ನು ತಿಳಿದವರು ದಯವಿಟ್ಟು ಬರೆಯಬೇಕು.

ವಕೀಲ, ಜಯನಗರ

ಮೇಡಂ, ಕಾನೂನಿನ ಮಟ್ಟಿಗೆ ನಿಮ್ಮ ಅಭಿಪ್ರಾಯವೇ ಸರಿ, ಅದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 14ನೇ ಕಲಮಿನ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಯಾವ ಮಗುವಿಗೂ ಪ್ರವೇಶ ನಿರಾಕರಿಸುವಂತಿಲ್ಲ. ಪ್ರವೇಶದ ಅವಧಿ ಮುಗಿದ ಮೇಲೆ ಬಂದ ಮಗುವನ್ನೂ ಹಿಂದಕ್ಕೆ ಕಳುಹಿಸುವಂತಿಲ್ಲ ಎಂದು 15ನೇ ಕಲಂ ಹೇಳುತ್ತದೆ. ಟಿ.ಸಿ. ಬರುವುದು ತಡವಾದರೆ ಅದನ್ನೇ ನೆಪ ಮಾಡಿಕೊಂಡು ಪ್ರವೇಶವನ್ನು ತಡೆಯಬಾರದು ಎಂಬುದು 5ನೇ ಕಲಮಿನಲ್ಲಿದೆ, ಟಿ.ಸಿ. ಕೊಡಲು ವಿಳಂಬ ಮಾಡುವ ಮುಖ್ಯ ಶಿಕ್ಷಕರ ಮೇಲೆ ಶಿಸ್ತುಕ್ರಮಕ್ಕೆ ಅವಕಾಶವಿರುವುದೂ ಅಲ್ಲಿಯೇ. ಇಷ್ಟೇ ಅಲ್ಲದೆ, ವಲಸೆ ಕುಟುಂಬಗಳ ಮಕ್ಕಳ ಪ್ರವೇಶವನ್ನು ಖಚಿತಪಡಿಸುವುದು ಸ್ಥಳೀಯ ಸಂಸ್ಥೆಯ ಕರ್ತವ್ಯವೆಂದು 9ನೇ ಕಲಂ ಬಿಡಿಸಿ ಹೇಳುತ್ತದೆ. ಆಧಾರ್ ವಿಷಯದಲ್ಲಿ 2018ರ ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟು ನೀಡಿದ ತೀರ್ಪಿನಲ್ಲಿ ಶಾಲಾ ಪ್ರವೇಶಕ್ಕೆ ಅದನ್ನು ಕಡ್ಡಾಯ ಮಾಡುವಂತಿಲ್ಲವೆಂದು ಸ್ಪಷ್ಟವಾಗಿದೆ.

ಶಾಲೆಯಿಂದ ಹೊರಗುಳಿದ ಮಕ್ಕಳ ಪ್ರಶ್ನೆಯನ್ನು ಕರ್ನಾಟಕ ಹೈಕೋರ್ಟು 2013ರಲ್ಲಿ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡಿದ್ದನ್ನೂ ನಿಮ್ಮ ಸಮಿತಿಯವರ ಗಮನಕ್ಕೆ ತನ್ನಿ. ಮುಖ್ಯ ಶಿಕ್ಷಕರಿಗೆ ಧೈರ್ಯ ಬೇಕಾದರೆ ಮೇಲಿನ ಕಲಂಗಳನ್ನು ಉಲ್ಲೇಖಿಸಿ ಎಸ್‌ಡಿಎಂಸಿ ಒಂದು ಠರಾವು ಮಾಡಲಿ, ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿ.ಇ.ಒ.) ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಲಿ.

ನಿವೃತ್ತ ಮುಖ್ಯೋಪಾಧ್ಯಾಯಿನಿ, ಆನೇಕಲ್

ವಕೀಲರು ಹೇಳಿದ್ದು ಸರಿ. ನಾನು ಪ್ರವೇಶದ ನಂತರದ ಮಾತನ್ನು ಹೇಳಬಯಸುತ್ತೇನೆ, ಏಕೆಂದರೆ ಶಾಲೆಯೊಳಕ್ಕೆ ಬಂದ ಮಗು ಎಲ್ಲಿ, ಯಾರ ಪಕ್ಕದಲ್ಲಿ, ಯಾವ ಪುಸ್ತಕ ಹಿಡಿದು ಕೂರಬೇಕು ಎಂಬುದನ್ನು ಠರಾವು ತೀರ್ಮಾನಿಸುವುದಿಲ್ಲ.

ಒಂದರಿಂದ ಮೂರನೆಯ ತರಗತಿಯವರೆಗೆ ನಮ್ಮ ಕೈಯಲ್ಲಿ ಬಹಳ ಒಳ್ಳೆಯ ಸಾಧನವಿದೆ, ಅದು ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಈ ಪದ್ಧತಿ ಆರಂಭವಾದಾಗ ಅಲ್ಲಿಯ ಶಿಕ್ಷಕರ ಮುಂದೆ ಇದ್ದ ತೊಡಕೂ ಇಂಥದ್ದೇ: ಮಕ್ಕಳು ವಾರಗಟ್ಟಲೆ ಬರುವುದಿಲ್ಲ, ಬಂದಾಗ ಪಾಠ ಮುಂದೆ ಹೋಗಿರುತ್ತದೆ, ಮಗು ಅಂಜಿ ಮತ್ತೆ ಶಾಲೆ ಬಿಡುತ್ತದೆ. ನಲಿ-ಕಲಿಯಲ್ಲಿ ಇಡೀ ತರಗತಿ ಒಟ್ಟಿಗೆ ಒಂದು ಪಾಠ ಓದುವುದಿಲ್ಲ. ಕಲಿಕೆಯ ಏಣಿ ಗೋಡೆಯ ಮೇಲಿರುತ್ತದೆ, ಮೈಲಿಗಲ್ಲುಗಳಿರುತ್ತವೆ, ಒಂದೊಂದು ಮೆಟ್ಟಿಲಿಗೂ ಕಾರ್ಡು ಇರುತ್ತದೆ. ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಮಕ್ಕಳು ಗುಂಪಿನ ಗುರುತಿಗೆ ಇಟ್ಟ ತಟ್ಟೆಗಳ ಸುತ್ತ ಗುಂಪಾಗಿ ಕೂರುತ್ತಾರೆ, ಒಂದು ಗುಂಪಿಗೆ ಶಿಕ್ಷಕರ ಪೂರ್ಣ ನೆರವು ಸಿಕ್ಕರೆ ಇನ್ನೊಂದು ಗುಂಪಿನಲ್ಲಿ ಗೆಳೆಯರು ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ. ನವೆಂಬರಿನಲ್ಲಿ ಬಂದ ಮಗುವನ್ನು ಇಂಥ ಕೋಣೆಗೆ ಸೇರಿಸಿಕೊಳ್ಳುವುದಕ್ಕೆ ಯಾವ ವಿಶೇಷ ಏರ್ಪಾಡೂ ಬೇಕಾಗಿಲ್ಲ, ಅದು ಮೂಲದಲ್ಲಿಯೇ ಅಂಥ ಮಗುವಿಗಾಗಿ ಮಾಡಿದ ಕೋಣೆ. ಬಂದ ಮೊದಲ ದಿನ ಕೆಲವು ಕಾರ್ಡುಗಳನ್ನು ಕೊಟ್ಟು ಓದಿಸಿ ನೋಡಿದರೆ ಮಗು ಯಾವ ಮೆಟ್ಟಿಲಿನಲ್ಲಿದೆ ಎಂದು ಅನುಭವವುಳ್ಳ ಶಿಕ್ಷಕಿಗೆ ಮಧ್ಯಾಹ್ನದ ಊಟದ ಹೊತ್ತಿಗೆ ತಿಳಿದುಬಿಡುತ್ತದೆ. ಆ ದಿನವೇ ಪ್ರಗತಿ ನೋಟ ಎಂಬ ಗೋಡೆಯ ಪಟ್ಟಿಯಲ್ಲಿ ಅದರ ಹೆಸರನ್ನು ಬರೆಯಬೇಕು. ತನ್ನ ಹೆಸರು ಗೋಡೆಯ ಮೇಲೆ ಇರುವುದನ್ನು ನೋಡಿದ ಮಗು ಮರುದಿನ ಬರುತ್ತದೆ, ಇದನ್ನು ನಾನು ಕೆಲಸದಲ್ಲಿದ್ದ ಅಷ್ಟೂ ವರ್ಷ ಕಂಡಿದ್ದೇನೆ.

ಕಷ್ಟ ಆರಂಭವಾಗುವುದು ನಾಲ್ಕನೆಯ ತರಗತಿಯಿಂದ. ಅಲ್ಲಿ ಪುಸ್ತಕ ಹಿಡಿದು ಎಲ್ಲರಿಗೂ ಒಟ್ಟಿಗೆ ಪಾಠ ಮಾಡುವುದರಿಂದ, ಹತ್ತು ವರ್ಷದ ಹುಡುಗ ಅಕ್ಷರ ಬಾರದೆ ಬಂದು ಕೂತರೆ ದಿನವಿಡೀ ಕಿಟಕಿ ನೋಡುತ್ತಾನೆ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಹಿಂದೆ ಬಿದ್ದುದನ್ನು ತುಂಬಿಕೊಡಲು ವಿಶೇಷ ತರಬೇತಿ ಕೊಡಬೇಕು ಎಂದು ಕಾಯ್ದೆಯ 4ನೇ ಕಲಂ ಹೇಳುತ್ತದೆ. ಸೇರಿಸುವುದು ನಡೆಯುತ್ತದೆ, ವಿಶೇಷ ತರಬೇತಿ ಮಾತ್ರ ಎಷ್ಟೋ ಕಡೆ ಕಾಗದದಲ್ಲಿಯೇ ಉಳಿಯುತ್ತದೆ. ನಾನಿದ್ದ ಶಾಲೆಯಲ್ಲಿ ಬೆಳಗಿನ ಎರಡು ಅವಧಿ ಆ ಮಕ್ಕಳನ್ನು ನಲಿ-ಕಲಿ ಕೋಣೆಗೆ ಕಳುಹಿಸುತ್ತಿದ್ದೆವು. ಚಿಕ್ಕವರ ಜೊತೆ ಕೂರಲು ನಾಚಿಕೆಪಡುವವರಿಗೆ ಕಾರ್ಡುಗಳನ್ನು ಜೋಡಿಸಿಡುವ, ಚಿಕ್ಕವರಿಗೆ ಲೆಕ್ಕ ಮಾಡಿಸುವ ಜವಾಬ್ದಾರಿ ಕೊಡುತ್ತಿದ್ದೆವು. ಹೇಳಿಕೊಡುವ ನೆಪದಲ್ಲಿ ಅವರೂ ಕಲಿಯುತ್ತಿದ್ದರು. ಉಳಿದ ಹೊತ್ತು ತಮ್ಮ ವಯಸ್ಸಿನವರ ಜೊತೆಯಲ್ಲಿಯೇ ಆಟ, ಊಟ, ಚಿತ್ರಕಲೆ.

ಹಿಂದಿ, ಬಂಗಾಳಿ, ಒಡಿಯಾ ಮಾತನಾಡುವ ಮಕ್ಕಳ ವಿಷಯವಾಗಿ ಒಂದು ಮಾತು. ಅವರನ್ನೆಲ್ಲ ಒಂದು ಮೂಲೆಯಲ್ಲಿ ಒಟ್ಟಾಗಿ ಕೂರಿಸಬೇಡಿ. ಒಬ್ಬೊಬ್ಬರನ್ನು ಒಂದೊಂದು ಕನ್ನಡದ ಮಗುವಿನ ಪಕ್ಕ ಕೂರಿಸಿ. ಆಟದ ಮೈದಾನದಲ್ಲಿ ಕನ್ನಡ ಬೇಗ ಬರುತ್ತದೆ, ಬರೆಯುವ ಕನ್ನಡ ನಿಧಾನವಾಗಿ ಬರುತ್ತದೆ. ಅಲ್ಲಿಯವರೆಗೆ ಲೆಕ್ಕವನ್ನಾದರೂ ಅವರಿಗೆ ತಿಳಿದ ಮಾತಿನಲ್ಲಿ ಕೇಳಿ ಉತ್ತರ ಪಡೆದರೆ ತಾವು ದಡ್ಡರೆಂಬ ಭಾವನೆ ಅವರಲ್ಲಿ ಬೇರೂರುವುದಿಲ್ಲ.

ಆಟೋ ಚಾಲಕ, ಹೊಂಗಸಂದ್ರ

ಮೇಡಂ ಹೇಳಿದ್ದನ್ನು ಗೌರವದಿಂದ ಓದಿದೆ. ಆದರೂ ಇನ್ನೊಂದು ಪಕ್ಷದ ಮಾತನ್ನೂ ಹೇಳಲೇಬೇಕು. ನನ್ನ ಮಗಳು ಇದೇ ಭಾಗದ ಸರ್ಕಾರಿ ಶಾಲೆಯಲ್ಲಿ ನಾಲ್ಕನೆಯ ತರಗತಿ ಓದುತ್ತಿದ್ದಾಳೆ. ನಮ್ಮ ಬೀದಿಯ ಬಹುತೇಕ ಮಕ್ಕಳು ಸಾಲ ಮಾಡಿ ಕಟ್ಟುವ ಶುಲ್ಕದಲ್ಲಿ ಖಾಸಗಿ ಶಾಲೆಗೆ ಹೋಗುತ್ತಾರೆ. ನಾವು ಸರ್ಕಾರಿ ಶಾಲೆಯನ್ನು ನಂಬಿ ಕಳುಹಿಸಿದ್ದೇವೆ. ಕಾಯ್ದೆಯ ಪ್ರಕಾರ ಐದನೆಯ ತರಗತಿಯವರೆಗೆ 30 ಮಕ್ಕಳಿಗೆ ಒಬ್ಬ ಶಿಕ್ಷಕರು ಇರಬೇಕು. ಜೂನ್ ತಿಂಗಳಲ್ಲಿ ಸರಿಯಾಗಿರುವ ಈ ಲೆಕ್ಕ ಡಿಸೆಂಬರ್ ಹೊತ್ತಿಗೆ ತಪ್ಪಿಹೋಗುತ್ತದೆ. ಹೊಸ ಮಕ್ಕಳು ಬಂದಾಗಲೆಲ್ಲ ಟೀಚರು ಹಿಂದಕ್ಕೆ ಹೋಗುತ್ತಾರೆ, ನನ್ನ ಮಗಳು ಕಲಿತ ಗುಣಾಕಾರವನ್ನೇ ಮತ್ತೆ ಮಾಡಿಕೊಂಡು ಬರುತ್ತಾಳೆ. ಆ ಮಕ್ಕಳ ಮೇಲೆ ನನಗೆ ಕೋಪವಿಲ್ಲ. ನನ್ನ ತಂದೆಯೂ ಮಾಗಡಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರೇ. ಆದರೆ ಸರ್ಕಾರ ಇನ್ನೊಬ್ಬ ಶಿಕ್ಷಕರನ್ನು ಕೊಡದೆ, ಇರುವ ಒಬ್ಬರೇ ಎಲ್ಲರನ್ನೂ ನೋಡಿಕೊಳ್ಳಲಿ ಎಂದರೆ ಹೊರೆ ಬೀಳುವುದು ಅಲ್ಲಿ ಕೂತಿರುವ ಇತರ ಬಡವರ ಮಕ್ಕಳ ಮೇಲೆ. ನಮ್ಮಂಥವರೂ ಮಕ್ಕಳನ್ನು ಬಿಡಿಸಿಕೊಂಡು ಹೋದರೆ ಆ ಶಾಲೆ ಯಾರಿಗೆ ಉಳಿಯುತ್ತದೆ ಎಂಬುದನ್ನೂ ಯೋಚಿಸಿ.

ಎಸ್‌ಡಿಎಂಸಿ ಸದಸ್ಯೆ, ಬೇಗೂರು ಕಡೆ

ಅಣ್ಣ, ನಿಮ್ಮ ಮಾತು ನ್ಯಾಯವಾದುದು, ನಮ್ಮ ಸಭೆಯಲ್ಲಿಯೂ ಪೋಷಕರು ಇದನ್ನೇ ಹೇಳಿದರು. ಹೆಚ್ಚುವರಿ ಶಿಕ್ಷಕರನ್ನು ಕೇಳುವುದು ಇದರ ಭಾಗವಾಗಿಯೇ ಇರಬೇಕು ಎಂಬುದನ್ನು ಒಪ್ಪುತ್ತೇನೆ.

ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಕಳೆದ ಚಳಿಗಾಲದಲ್ಲಿ ಒಂಬತ್ತು ಹತ್ತು ವರ್ಷದ ಒಬ್ಬ ಹುಡುಗಿ ಕಂಕುಳಲ್ಲಿ ತಮ್ಮನನ್ನು ಎತ್ತಿಕೊಂಡು ಶಾಲೆಯ ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದಳು. ನಮ್ಮ ಶಿಕ್ಷಕಿ ಕೂಸಿನ ಸಮೇತ ಒಳಗೆ ಕರೆದರು. ಬಾಗಿಲ ಪಕ್ಕದಲ್ಲಿ ಜಮಖಾನದ ಮೇಲೆ ಕೂಸನ್ನು ಮಲಗಿಸಿ, ಎಡಗೈಯಿಂದ ಅದನ್ನು ತಟ್ಟುತ್ತ ಬಲಗೈಯಲ್ಲಿ ಬರೆಯುತ್ತಿದ್ದಳು. ಬಿಸಿಯೂಟದ ಹೊತ್ತಿಗೆ ಅನ್ನ ಸಾರನ್ನು ನುಣ್ಣಗೆ ಹಿಸುಕಿ ಅದಕ್ಕೆ ತಿನ್ನಿಸಿ ಆಮೇಲೆ ತಾನು ತಿನ್ನುತ್ತಿದ್ದಳು. ಊರಿನಲ್ಲಿ ಮೂರನೆಯ ತರಗತಿ ಓದಿದ್ದವಳು, ಓದುವುದೂ ಚೆನ್ನಾಗಿಯೇ ಬರುತ್ತಿತ್ತು. ಸ್ವಲ್ಪ ದಿನಗಳಾದ ಮೇಲೆ ಕೂಸಿಗೆ ಜ್ವರ ಬಂತು, ಅವಳು ಬರುವುದನ್ನು ನಿಲ್ಲಿಸಿದಳು. ಶೆಡ್ಡಿಗೆ ಹೋಗಿ ತಾಯಿಯನ್ನು ಮಾತನಾಡಿಸಿದೆವು. ಓದಿಸಬೇಕೆಂಬ ಆಸೆ ತಾಯಿಗೆ ಇಲ್ಲದೆ ಇರಲಿಲ್ಲ, ಆದರೆ ಆಕೆ ಕೆಲಸಕ್ಕೆ ಹೋದರೆ ಕೂಸನ್ನು ನೋಡಿಕೊಳ್ಳುವವರು ಬೇರೆ ಯಾರೂ ಇರಲಿಲ್ಲ. ಅಂಗನವಾಡಿ ದೊಡ್ಡ ರಸ್ತೆಯ ಆಚೆಗಿತ್ತು, ಒಂದು ವರ್ಷದ ಕೂಸನ್ನು ಸಂಜೆಯವರೆಗೆ ಅಲ್ಲಿ ಬಿಡುವ ಏರ್ಪಾಡೂ ಇರಲಿಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ಈಗ ಕೂಸಿನ ಮನೆ ಎಂಬ ಶಿಶುಪಾಲನಾ ಕೇಂದ್ರಗಳಿವೆ ಎಂದು ಕೇಳಿದ್ದೇನೆ, ಆದರೆ ಹಳ್ಳಿಯ ಆ ವ್ಯವಸ್ಥೆ ನಗರದ ಸೈಟುಗಳವರೆಗೆ ಬಂದಿಲ್ಲ.

ಸೈಟ್ ಎಂಜಿನಿಯರ್, ಎಲೆಕ್ಟ್ರಾನಿಕ್ ಸಿಟಿ

ಕೂಸಿನ ವಿಷಯಕ್ಕೆ ಉತ್ತರಿಸುತ್ತಿದ್ದೇನೆ, ಏಕೆಂದರೆ ಅದು ನಮ್ಮ ಕಡೆಯ ಹೊಣೆ. 2025ರ ನವೆಂಬರಿನವರೆಗೆ ಜಾರಿಯಲ್ಲಿದ್ದ ಕಟ್ಟಡ ಕಾರ್ಮಿಕರ 1996ರ ಕಾಯ್ದೆಯ 35ನೇ ಕಲಮಿನ ಪ್ರಕಾರ, 50ಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರು ಸಾಮಾನ್ಯವಾಗಿ ಕೆಲಸ ಮಾಡುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುವಿಹಾರದ ಕೋಣೆ ಇರಲೇಬೇಕಿತ್ತು. ದೊಡ್ಡ ಸೈಟುಗಳಲ್ಲಿ ಒಟ್ಟು ಮಹಿಳೆಯರ ಸಂಖ್ಯೆ ಇದನ್ನು ಸುಲಭವಾಗಿ ಮುಟ್ಟುತ್ತದೆ. ಆದರೆ ಕೆಲಸವನ್ನು ಹಲವು ಮೇಸ್ತ್ರಿಗಳಿಗೂ ಉಪಗುತ್ತಿಗೆದಾರರಿಗೂ ಹಂಚಿರುವುದರಿಂದ ಒಬ್ಬೊಬ್ಬರ ಪುಸ್ತಕದಲ್ಲಿ ಸಂಖ್ಯೆ ಅದಕ್ಕಿಂತ ಕೆಳಗೇ ಇರುತ್ತಿತ್ತು, ಕೋಣೆ ಕಟ್ಟುವ ಹೊಣೆ ಯಾರ ಹೆಗಲಿಗೂ ಬರುತ್ತಿರಲಿಲ್ಲ. ಇಡೀ ಸೈಟಿನ ಸಂಖ್ಯೆಯನ್ನು ಒಟ್ಟಾಗಿ ಎಣಿಸಬೇಕೆಂದು ಅಪಾರ್ಟ್‌ಮೆಂಟು ಕಟ್ಟಿಸುವ ಕಂಪನಿಯವರನ್ನು ಕೇಳುವ ಹಕ್ಕು ನಿಮಗಿದೆ. ನಿರ್ಮಾಣ ವೆಚ್ಚದ ಶೇಕಡಾ 1ರಷ್ಟನ್ನು ಸೆಸ್ ಆಗಿ ಕಾರ್ಮಿಕ ಕಲ್ಯಾಣ ಮಂಡಳಿಗೆ ಕಟ್ಟುತ್ತೇವೆ, ಆ ಹಣ ಇವರ ಹೆಸರಿನಲ್ಲಿಯೇ ಸೇರುತ್ತಿರುವುದು. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ ಕಾರ್ಮಿಕರು ಮಂಡಳಿಯಲ್ಲಿ ನೋಂದಾಯಿಸಿಕೊಂಡರೆ ಮಕ್ಕಳ ಶಿಕ್ಷಣಕ್ಕೆ ಸಹಾಯಧನ ಪಡೆಯಬಹುದು. ಊರಿಂದೂರಿಗೆ ಹೋಗುವವರು ಆ 90 ದಿನಗಳನ್ನು ತೋರಿಸುವುದರಲ್ಲಿಯೇ ಸೋಲುತ್ತಾರೆ, ಆದುದರಿಂದ ಕೆಲಸದ ದೃಢೀಕರಣ ಪತ್ರವನ್ನು ಸೈಟಿನ ಕಚೇರಿಯವರು ಕೇಳುವ ಮುಂಚೆಯೇ ಕೊಡಬೇಕು.

ಶಾಲೆಯವರಿಗೆ ಉಪಯೋಗವಾಗಬಹುದಾದ ಇನ್ನೊಂದು ವಿಷಯವಿದೆ. ಯಾವ ಕೆಲಸದವರು ಎಷ್ಟು ಕಾಲ ಇರುತ್ತಾರೆ ಎಂಬುದು ನಮಗೆ ಮೊದಲೇ ಗೊತ್ತಿರುತ್ತದೆ. ಸೆಂಟ್ರಿಂಗ್, ಕಂಬಿ ಕಟ್ಟುವ ಕೆಲಸಕ್ಕೆ ದೂರದ ರಾಜ್ಯಗಳಿಂದ ಬರುವ ಗಂಡಸರು ಹೆಚ್ಚಾಗಿ ಒಂಟಿಯಾಗಿ ಬರುತ್ತಾರೆ. ಮಣ್ಣು ಹೊರುವುದು, ಬ್ಲಾಕ್ ಕಟ್ಟುವುದು, ಗಾರೆ, ಕ್ಯೂರಿಂಗ್ ಕೆಲಸಗಳಿಗೆ ಉತ್ತರ ಕರ್ನಾಟಕದ ಕುಟುಂಬಗಳು ಮಕ್ಕಳ ಸಮೇತ ಬರುತ್ತವೆ. ಗಾರೆ ಕೆಲಸ ಯಾವ ತಿಂಗಳು ಆರಂಭವಾಗುತ್ತದೆ ಎಂದು ನಾವು ಶಾಲೆಗೆ ತಿಳಿಸಿದರೆ ಎಷ್ಟು ಮಕ್ಕಳು ಬರಬಹುದೆಂದು ನೀವು ಮುಂಚಿತವಾಗಿ ಅಂದಾಜು ಮಾಡಬಹುದು. ನಮ್ಮ ಸೈಟಿನ ಗೇಟಿನ ವಹಿಯಲ್ಲಿ ಕುಟುಂಬ ಬಂದ ದಿನ ಮಕ್ಕಳ ಹೆಸರು, ವಯಸ್ಸು ಬರೆಸುವ ಪದ್ಧತಿಯನ್ನು ನಾನು ಆರಂಭಿಸಿದ್ದೇನೆ. ಬೆಳಿಗ್ಗೆ ಒಬ್ಬ ವಾಚ್‌ಮನ್ ಮಕ್ಕಳನ್ನು ರಸ್ತೆ ದಾಟಿಸಿ ಬರುತ್ತಾರೆ. ಇದಕ್ಕೆ ಖರ್ಚೇನೂ ಇಲ್ಲ.

ಸುರಪುರದವನು, ಈಗ ಬೆಂಗಳೂರು

ನಾನು ಇಂಥ ಶೆಡ್ಡಿನಲ್ಲಿ ಬೆಳೆದವನು, ಆದ್ದರಿಂದ ಬರೆಯುತ್ತಿದ್ದೇನೆ. ಅಪ್ಪ ಅವ್ವ ಗುಳೆ ಬಂದಾಗ ಅವರ ಜೊತೆ ಬರುತ್ತಿದ್ದೆ, ಊರಿನ ಶಾಲೆಯಲ್ಲಿ ನನ್ನ ಹೆಸರಿರುತ್ತಿತ್ತು, ನಾನು ಮಾತ್ರ ಮರಳಿನ ರಾಶಿಯ ಮೇಲೆ ಇರುತ್ತಿದ್ದೆ. ಕೊನೆಗೆ ಆಯಿ (ಅಜ್ಜಿ) ಹಟ ಹಿಡಿದು ನನ್ನನ್ನು ಊರಿನಲ್ಲಿಯೇ ಇಟ್ಟುಕೊಂಡಳು. ಓದು ಮುಗಿಸಿ ಈಗ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೇನೆ. ನನ್ನ ತಂಗಿ ಅವರ ಜೊತೆಯಲ್ಲಿಯೇ ಉಳಿದಳು, ಅವಳ ಓದು ಅಲ್ಲಿಗೇ ನಿಂತಿತು.

ಇಲ್ಲಿ ಯಾರೂ ಗಮನಿಸದ ಒಂದು ಸಂಗತಿಯಿದೆ. ಯಾದಗಿರಿಯ ಮಗುವಿಗೂ ಬೇಗೂರಿನ ಮಗುವಿಗೂ ಪಠ್ಯಪುಸ್ತಕ ಒಂದೇ. ಸುರಪುರದಲ್ಲಿ ಆರನೆಯ ಪಾಠದವರೆಗೆ ಓದಿದ ಹುಡುಗಿ ಇಲ್ಲಿ ಏಳನೆಯ ಪಾಠದಿಂದ ಆರಂಭಿಸಬಹುದು. ಬೇರೆ ರಾಜ್ಯದ ಮಕ್ಕಳಿಗೆ ಈ ಅನುಕೂಲವಿಲ್ಲ, ನಮ್ಮ ಮಕ್ಕಳಿಗೆ ಇದೆ, ಇದ್ದೂ ಅದು ವ್ಯರ್ಥವಾಗುತ್ತಿದೆ. ಅಲ್ಲಿಯ ಮೇಷ್ಟರಿಗೆ ಇಲ್ಲಿಯ ಟೀಚರು ಒಂದು ಫೋನ್ ಮಾಡಿದರೆ ಸಾಕು, ಆ ಮಗು ಏನು ಕಲಿತಿದೆ, ಎಲ್ಲಿ ಎಡವುತ್ತದೆ, ಮನೆಯ ಪರಿಸ್ಥಿತಿ ಏನು ಎಂಬುದೆಲ್ಲ ತಿಳಿಯುತ್ತದೆ.

ಟಿ.ಸಿ. ಇಲ್ಲದೆ ಸೇರಿಸಿಕೊಳ್ಳುವುದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ಆದರೆ ಎರಡೂ ಕಡೆ ಹೆಸರಿದ್ದು ಯಾರೂ ಜವಾಬ್ದಾರರಾಗದ ಸ್ಥಿತಿ ಬರಬಾರದು. ಮಾರ್ಚ್ ಕಳೆದ ಮೇಲೆ ಮಗು ಊರಿಗೆ ಬಂದು ಸೇರಿತೇ, ಮತ್ತೆ ತರಗತಿಗೆ ಹೋಯಿತೇ ಎಂದು ಯಾರಾದರೂ ಕೇಳಬೇಕು. ನನ್ನ ತಂಗಿಯ ವಿಷಯದಲ್ಲಿ ಯಾರೂ ಕೇಳಲಿಲ್ಲ.

ಪ್ರಾಥಮಿಕ ಶಾಲಾ ಶಿಕ್ಷಕ, ಯಾದಗಿರಿ ಜಿಲ್ಲೆ

ಸುರಪುರದ ಸರ್ ಬರೆದದ್ದನ್ನು ಓದಿ ನಮ್ಮ ಕಡೆಯ ಸ್ಥಿತಿಯನ್ನೂ ಹೇಳಬೇಕೆನಿಸಿತು. ನಾನು ತಾಂಡಾದ ಶಾಲೆಯಲ್ಲಿ ಕೆಲಸ ಮಾಡುತ್ತೇನೆ. ದೀಪಾವಳಿ ಮುಗಿದು ಹತ್ತಿ ಬಿಡಿಸುವ ಕೆಲಸ ಕಡಿಮೆಯಾಗುತ್ತಿದ್ದಂತೆ ಮನೆಗಳಿಗೆ ಬೀಗ ಬೀಳತೊಡಗುತ್ತದೆ. ಅಜ್ಜ ಅಜ್ಜಿ ಗಟ್ಟಿಯಾಗಿರುವ ಮನೆಗಳ ಮಕ್ಕಳು ಮಾತ್ರ ಉಳಿಯುತ್ತಾರೆ. ಋತುಮಾನದ ಹಾಸ್ಟೆಲ್ ನಡೆಸಿದ ವರ್ಷಗಳಲ್ಲಿ ಹೆಚ್ಚು ಮಕ್ಕಳು ಉಳಿದದ್ದನ್ನು ನಾನು ನೋಡಿದ್ದೇನೆ. ತಾಯಂದಿರು ಅಲ್ಲಿ ಗಂಡುಮಕ್ಕಳನ್ನು ಬಿಟ್ಟು ಹೋಗುತ್ತಿದ್ದರು, ಹೆಣ್ಣುಮಕ್ಕಳನ್ನು ಬಿಡಲು ಹಿಂಜರಿಯುತ್ತಿದ್ದರು. ಮೇಲೆ ಬರೆದಿರುವ ಕೂಸಿನ ಕಾರಣವೇ ಅದರಲ್ಲಿಯೂ ದೊಡ್ಡದು.

ನಾವು ಟಿ.ಸಿ. ಕೊಡುವುದಿಲ್ಲವೆಂದು ಬೆಂಗಳೂರಿನ ಶಿಕ್ಷಕರು ದೂರುವುದುಂಟು. ವಿದ್ಯಾರ್ಥಿಗಳ ದಾಖಲಾತಿ ಇಡುವ ಸ್ಯಾಟ್ಸ್ ತಂತ್ರಾಂಶದಲ್ಲಿ ನಾವು ಬಿಡುಗಡೆ ಮಾಡಿದರೆ ಮಾತ್ರ ಆ ಮಗು ನಿಮ್ಮ ಪಟ್ಟಿಗೆ ಬರುತ್ತದೆ ಎಂಬುದು ನಮಗೆ ತಿಳಿದಿದೆ. ಆದರೆ ಅಷ್ಟೂ ಮಕ್ಕಳನ್ನು ನವೆಂಬರಿನಲ್ಲಿ ಬಿಡುಗಡೆ ಮಾಡಿದರೆ ನಮ್ಮ ಶಾಲೆಯ ದಾಖಲಾತಿ ಕುಸಿಯುತ್ತದೆ, ಇರುವ ಶಿಕ್ಷಕರ ಹುದ್ದೆಗೆ ಕುತ್ತು ಬರುತ್ತದೆ. ಯುಗಾದಿಗೆ ಮಕ್ಕಳು ಮರಳಿ ಬಂದಾಗ ಪಾಠ ಹೇಳಲು ಯಾರಿರುತ್ತಾರೆ? ಹೀಗೆ ಮಗುವಿನ ಹೆಸರು ನಮ್ಮಲ್ಲಿ ಉಳಿಯುತ್ತದೆ, ಮಗು ನಿಮ್ಮಲ್ಲಿರುತ್ತದೆ. ಬಿಸಿಯೂಟಕ್ಕೆ ಚಿಕ್ಕ ತರಗತಿಯ ಮಗುವಿಗೆ 100 ಗ್ರಾಂ, ಆರನೆಯ ತರಗತಿಯಿಂದ ಮೇಲಕ್ಕೆ 150 ಗ್ರಾಂ ಧಾನ್ಯದ ಲೆಕ್ಕವಿದೆ, ಪಠ್ಯಪುಸ್ತಕ, ಸಮವಸ್ತ್ರಗಳೂ ಹೆಸರಿನ ಲೆಕ್ಕದಲ್ಲಿಯೇ ಬರುತ್ತವೆ, ಆ ಲೆಕ್ಕಕ್ಕೂ ಮಗು ಕೂತ ಜಾಗಕ್ಕೂ ನಾನೂರೈವತ್ತು ಕಿಲೋಮೀಟರಿನಷ್ಟು ಅಂತರ.

ಮಹಾರಾಷ್ಟ್ರದಲ್ಲಿ ಕಬ್ಬು ಕಡಿಯಲು ಹೋಗುವ ಕುಟುಂಬಗಳ ಮಕ್ಕಳಿಗೆ ಊರಿನ ಶಾಲೆಯವರೇ ಶಿಕ್ಷಣ ಖಾತರಿಯ ಕಾರ್ಡು ಕೊಟ್ಟು ಕಳುಹಿಸುವ ಪದ್ಧತಿಯಿದೆ, ಅದನ್ನು ತೋರಿಸಿದರೆ ಹೋದ ಊರಿನ ಶಾಲೆಯಲ್ಲಿ ಮಗುವನ್ನು ಕೂರಿಸಿಕೊಳ್ಳುತ್ತಾರೆ. ಸರ್ಕಾರದ ಆದೇಶಕ್ಕಾಗಿ ಕಾಯದೆ ನಾವು ಶಿಕ್ಷಕರೇ ಅಂಥ ಒಂದು ಪತ್ರವನ್ನು ಬರೆದುಕೊಡಬಹುದು. ಮಗುವಿನ ಹೆಸರು, ಸ್ಯಾಟ್ಸ್ ಸಂಖ್ಯೆ, ಓದಿ ಮುಗಿಸಿದ ಪಾಠ, ನಲಿ-ಕಲಿಯಲ್ಲಿದ್ದರೆ ಮೈಲಿಗಲ್ಲು, ನಮ್ಮ ಫೋನ್ ಸಂಖ್ಯೆ. ನೀವು ಹಾಜರಿಯನ್ನು ಪ್ರತ್ಯೇಕ ವಹಿಯಲ್ಲಿ ಇಟ್ಟು, ಮಗು ಹಿಂದಿರುಗುವಾಗ ಅದೇ ಪತ್ರದ ಹಿಂಬದಿಯಲ್ಲಿ ಬರೆದು ಕಳುಹಿಸಬೇಕು.

ಶಿಕ್ಷಕಿ, ಬೆಂಗಳೂರು ಪೇಟೆ

ಈ ಚರ್ಚೆಗೆ ನಗರದ ಒಳಗಿನಿಂದ ಒಂದು ಮಾತನ್ನು ಸೇರಿಸುತ್ತೇನೆ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದರೆಂದು ಹೇಳುವ ಹಳೆಯ ಪೇಟೆಯ ಸುತ್ತ ಇರುವ ಸರ್ಕಾರಿ ಶಾಲೆಗಳಲ್ಲಿ ಕೊಠಡಿಗಳಿವೆ, ಮಕ್ಕಳು ಕಡಿಮೆ. ಮನೆಗಳಿದ್ದ ಗಲ್ಲಿಗಳು ಗೋಡೌನುಗಳಾಗಿವೆ, ವಾಸವಿದ್ದವರು ಹೊರಗಿನ ಬಡಾವಣೆಗಳಿಗೆ ಹೋದರು. ನಗರ ಪ್ರದೇಶದ ಜನಸಂಖ್ಯೆ 2001ರಲ್ಲಿ ಸುಮಾರು 57 ಲಕ್ಷವಿದ್ದದ್ದು 2011ಕ್ಕೆ 85 ಲಕ್ಷವಾಯಿತು, ಆ ಬೆಳವಣಿಗೆಯ ಬಹುಪಾಲು ಆದದ್ದು ಅಂಚಿನಲ್ಲಿ. ಶಾಲೆಗಳು, ಹುದ್ದೆಗಳು ಮಾತ್ರ ಹಳೆಯ ನಕ್ಷೆಯಂತೆಯೇ ಉಳಿದಿವೆ. ದೇಶದ ಶಾಲಾ ಅಂಕಿಅಂಶಕ್ಕೆ ಬಹುಕಾಲ ಸೆಪ್ಟೆಂಬರ್ 30ರ ದಿನವೇ ಆಧಾರವಾಗಿತ್ತು. ದೀಪಾವಳಿಯ ನಂತರ ಬರುವ ಮಗು ಆ ಎಣಿಕೆಯಲ್ಲಿ ಸಿಗುವುದಾದರೂ ಹೇಗೆ? ಆಟೋ ಚಾಲಕ ಸರ್ ಕೇಳಿದ ಹೆಚ್ಚುವರಿ ಶಿಕ್ಷಕರ ಪ್ರಶ್ನೆಗೆ ಉತ್ತರ ಇಲ್ಲಿದೆ ಎಂದು ನನ್ನ ಭಾವನೆ. ನವೆಂಬರಿನಿಂದ ಶಾಲಾ ವರ್ಷ ಮುಗಿಯುವವರೆಗೆ ಅಂಚಿನ ಶಾಲೆಗಳಿಗೆ ಒಬ್ಬೊಬ್ಬ ಅತಿಥಿ ಶಿಕ್ಷಕರನ್ನು ಕೊಡುವುದಕ್ಕೆ ಹೊಸ ಹುದ್ದೆ ಸೃಷ್ಟಿಸಬೇಕಾಗಿಲ್ಲ. ಎಂಜಿನಿಯರ್ ಸರ್ ಹೇಳಿದಂತೆ ಸೈಟುಗಳಿಂದ ಬಂದ ಮಕ್ಕಳ ಪಟ್ಟಿಯನ್ನು ದಾಖಲೆಯಾಗಿ ಲಗತ್ತಿಸಿ ಕೇಳಿದರೆ ಬಿ.ಇ.ಒ. ಕಚೇರಿಯವರು ಬರೀ ಬಾಯಿಮಾತೆಂದು ತಳ್ಳಿಹಾಕಲಾರರು.

ಇನ್ನು ಹಲವು ಭಾಷೆಗಳ ವಿಷಯ. ಬೆಂಗಳೂರಿನ ಸರ್ಕಾರಿ ಶಾಲೆಗಳಿಗೆ ಇದು ಹೊಸತಲ್ಲ. ಕನ್ನಡದ ಜೊತೆಗೆ ಉರ್ದು, ತಮಿಳು, ತೆಲುಗು ಮಾಧ್ಯಮದ ಸರ್ಕಾರಿ ಶಾಲೆಗಳು ಇಲ್ಲಿ ಬಹುಕಾಲದಿಂದ ಇವೆ. ನನ್ನ ತರಗತಿಯಲ್ಲಿ ಹಮಾಲಿ ಕೆಲಸದವರ ಮಕ್ಕಳು ಮನೆಯಲ್ಲಿ ಒಂದು, ಬೀದಿಯಲ್ಲಿ ಇನ್ನೊಂದು, ಶಾಲೆಯಲ್ಲಿ ಕನ್ನಡ ಆಡಿಕೊಂಡೇ ಬೆಳೆಯುತ್ತಿದ್ದಾರೆ.

ಆಟೋ ಚಾಲಕ, ಹೊಂಗಸಂದ್ರ

ಪೇಟೆಯ ಟೀಚರ್ ಹೇಳಿದಂತೆ ಅತಿಥಿ ಶಿಕ್ಷಕರು ಬರುವುದಾದರೆ ನನ್ನ ಆಕ್ಷೇಪಣೆಯಿಲ್ಲ. ಮನವಿಗೆ ಈ ಕಡೆಯ ಪೋಷಕರ ಸಹಿ ಬೇಕಾದರೆ ನಾನು ಮನೆಮನೆಗೆ ಹೋಗಿ ತರುತ್ತೇನೆ. ವಲಸೆ ಬಂದವರಷ್ಟೇ ಕೇಳುತ್ತಿಲ್ಲ, ಇಲ್ಲಿಯವರೂ ಕೇಳುತ್ತಿದ್ದಾರೆ ಎಂಬುದು ಕಚೇರಿಗೆ ತಿಳಿಯಬೇಕು.

ವಕೀಲ, ಜಯನಗರ

ಯಾದಗಿರಿಯ ಶಿಕ್ಷಕರು ಹೇಳಿದ ಪತ್ರದ ಏರ್ಪಾಡಿಗೆ ಕಾನೂನಿನ ಅಡ್ಡಿಯಿಲ್ಲ. ಆದರೆ ಅದನ್ನು ಪ್ರವೇಶಕ್ಕೆ ಷರತ್ತು ಮಾಡಬಾರದು. ಪತ್ರ ತಂದ ಮಗುವಿಗೆ ಅನುಕೂಲವಾಗಲಿ, ಪತ್ರವಿಲ್ಲದೆ ಬಂದ ಮಗುವನ್ನೂ ಅದೇ ದಿನ ಕೂರಿಸಿಕೊಳ್ಳಲಿ. ಇಲ್ಲವಾದರೆ ಟಿ.ಸಿ.ಯ ಜಾಗಕ್ಕೆ ಇನ್ನೊಂದು ಕಾಗದ ಬಂದಂತಾಗುತ್ತದೆ. ಕುಟುಂಬ ಇಲ್ಲಿಯೇ ಒಂದು ವರ್ಷಕ್ಕಿಂತ ಹೆಚ್ಚು ಕಾಲ ನೆಲೆಸುವುದಾದರೆ ಮಾತ್ರ ಸ್ಯಾಟ್ಸ್ ವರ್ಗಾವಣೆ ಮಾಡಿಸಿ.

ಎಸ್‌ಡಿಎಂಸಿ ಸದಸ್ಯೆ, ಬೇಗೂರು ಕಡೆ

ಎಲ್ಲರಿಗೂ ಕೃತಜ್ಞತೆಗಳು. ಇಲ್ಲಿಯ ಮಾತುಗಳನ್ನು ಮುದ್ರಿಸಿ ಸಭೆಯಲ್ಲಿ ಓದಿದೆವು. ಮಗು ಬಂದ ದಿನವೇ ಸೇರಿಸಿಕೊಳ್ಳುವ ಠರಾವಿಗೆ ಕಾಯ್ದೆಯ ಕಲಂಗಳನ್ನು ನಮೂದಿಸಿ ಎಲ್ಲರೂ ಸಹಿ ಮಾಡಿದ್ದೇವೆ, ಮುಖ್ಯ ಶಿಕ್ಷಕರು ಸಂತೋಷದಿಂದಲೇ ಒಪ್ಪಿದರು. ಬರುವ ಮಕ್ಕಳಿಗೆ ಪ್ರತ್ಯೇಕ ಹಾಜರಿ ವಹಿ ಇಡುತ್ತೇವೆ, ಅದರ ಆಧಾರದ ಮೇಲೆಯೇ ಬಿಸಿಯೂಟದ ಹೆಚ್ಚುವರಿ ಧಾನ್ಯಕ್ಕೂ ಅತಿಥಿ ಶಿಕ್ಷಕರಿಗೂ ಮನವಿ ಕೊಡುತ್ತೇವೆ. ನಾಲ್ಕನೆಯ ತರಗತಿಯಿಂದ ಮೇಲಿನವರಿಗೆ ಆನೇಕಲ್ಲಿನ ಮೇಡಂ ಹೇಳಿದಂತೆ ಬೆಳಗಿನ ಎರಡು ಅವಧಿಗಳನ್ನು ಮೀಸಲಿಡುತ್ತೇವೆ. ಮೇಡಂ ಅವರು ಒಂದು ಶನಿವಾರ ಬಂದು ನಮ್ಮ ಶಿಕ್ಷಕಿಯರ ಜೊತೆ ಕೂತು ಅದರ ರೂಪರೇಖೆ ಮಾಡಿಕೊಟ್ಟರೆ ಉಪಕಾರವಾಗುತ್ತದೆ.

ಶಿಶುವಿಹಾರದ ವಿಷಯ ಇನ್ನೂ ಬಗೆಹರಿದಿಲ್ಲ. ನಮ್ಮ ಸುತ್ತಿನ ಸೈಟುಗಳ ವ್ಯವಸ್ಥಾಪಕರಿಗೆ ಪತ್ರ ಬರೆದಿದ್ದೇವೆ, ಒಬ್ಬರು ಮಾತ್ರ ಕೋಣೆ ಕೊಡುವುದಾಗಿ ಹೇಳಿದ್ದಾರೆ. ಕಾರ್ಮಿಕ ಇಲಾಖೆಯ ಯಾವ ಅಧಿಕಾರಿಯನ್ನು ಕಾಣಬೇಕೆಂದು ಎಂಜಿನಿಯರ್ ಸರ್ ತಿಳಿಸಬೇಕು. ಅದು ಆಗದೆ ಹೆಣ್ಣುಮಕ್ಕಳು ಬರುವುದಿಲ್ಲ ಎಂಬುದನ್ನು ನಾನು ಪ್ರತಿ ಸಭೆಯಲ್ಲಿಯೂ ಹೇಳುತ್ತಲೇ ಇರುತ್ತೇನೆ.

ಸುರಪುರದ ಸರ್ ಕೇಳಿದ ಮಾತಿಗೆ: ಯುಗಾದಿಯ ನಂತರ ನಮ್ಮ ವಹಿಯಲ್ಲಿರುವ ಪ್ರತಿ ಮಗುವಿನ ಊರಿನ ಶಾಲೆಗೂ ಫೋನ್ ಮಾಡಿ ಮಗು ಬಂದಿದೆಯೇ ಎಂದು ಕೇಳುವ ಕೆಲಸವನ್ನು ನಾನೇ ವಹಿಸಿಕೊಂಡಿದ್ದೇನೆ. ಯಾದಗಿರಿಯ ಮೇಷ್ಟರೇ, ಪತ್ರದ ಕರಡನ್ನು ನಿಮಗೆ ಕಳುಹಿಸಿದ್ದೇನೆ, ಸೇರಿಸುವುದೇನಾದರೂ ಇದ್ದರೆ ತಿಳಿಸಿ.

ಪ್ರಾಥಮಿಕ ಶಾಲಾ ಶಿಕ್ಷಕ, ಯಾದಗಿರಿ ಜಿಲ್ಲೆ

ಕರಡನ್ನು ನೋಡಿದೆ ಮೇಡಂ, ಚೆನ್ನಾಗಿದೆ. ಎರಡು ಸಾಲು ಸೇರಿಸಿ. ತಂದೆಯ ಫೋನ್ ಸಂಖ್ಯೆಯ ಜೊತೆಗೆ ಮೇಸ್ತ್ರಿಯ ಸಂಖ್ಯೆಯನ್ನೂ ಬರೆಯಲು ಜಾಗ ಬಿಡಿ, ನಮ್ಮ ಜನ ಸಿಮ್ ಬದಲಾಯಿಸುತ್ತಿರುತ್ತಾರೆ, ಮೇಸ್ತ್ರಿಯ ಸಂಖ್ಯೆ ಬದಲಾಗುವುದಿಲ್ಲ. ಇನ್ನೊಂದು, ಮಗುವಿಗೆ ಕೊಟ್ಟ ಪಠ್ಯಪುಸ್ತಕಗಳನ್ನು ಜೊತೆಗೇ ಒಯ್ಯುತ್ತಿದೆ ಎಂದು ಪತ್ರದಲ್ಲಿಯೇ ನಮೂದಿಸೋಣ. ಪುಸ್ತಕ ಹಾಳಾಗುತ್ತದೆಂದು ತಾಯಂದಿರು ಅವನ್ನು ಮನೆಯೊಳಗಿಟ್ಟು ಬೀಗ ಹಾಕಿ ಹೋಗುತ್ತಾರೆ. ಈ ಸಲ ಗುಳೆ ಹೊರಡುವ ಮುಂಚೆ ತಾಂಡಾದಲ್ಲಿ ಸಭೆ ಕರೆದು ಪುಸ್ತಕದ ಚೀಲವನ್ನು ಹಾಸಿಗೆಯ ಗಂಟಿನ ಜೊತೆಯಲ್ಲಿಯೇ ಕಟ್ಟಿಸುತ್ತೇನೆ. ಅಕ್ಕಪಕ್ಕದ ಎರಡು ತಾಂಡಾಗಳ ಶಿಕ್ಷಕರೂ ಪತ್ರ ಬರೆದುಕೊಡಲು ಒಪ್ಪಿದ್ದಾರೆ.